ಚಿವುಟಿದವರು ಬೇರೆ, ತೂಗಿದವರು ನಾವು

ಒಂದು ಜಾಗದಲ್ಲಿ ಕೂರುವ ಹೆಂಗಸಲ್ಲ ಅವಳು. ಮದುವೆಯಾಗಿ ಬಂದ ಮೊದಲ ವಾರವೇ ಮಾವ ಅವಳಿಗೆ ಪಾದರಸ ಎಂದು ಹೆಸರಿಟ್ಟಿದ್ದರು. ಅಷ್ಟು ವರ್ಷಗಳಲ್ಲಿ ಅವಳು ಆ ಹೆಸರಿಗೆ ಒಂದು ದಿನವೂ ಕಳಂಕ ತಂದಿರಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಬಾಗಿಲಿಗೆ ಬರುವಳು, ಬಾಗಿಲಲ್ಲಿ ನಿಂತು ಫೋನು ನೋಡುವಳು, ಫೋನಿನಲ್ಲಿ ಮಾತಾಡುತ್ತಲೇ ಬೆತ್ತದ ಕಟ್ಟು ಬಿಚ್ಚುವಳು, ಅಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿರುತ್ತಿತ್ತು. ಆದರೂ ಆ ಕಾರ್ಖಾನೆ ನಿಂತಿದ್ದು ಅವಳ ನಿಲ್ಲದ ಕಾಲಿನ ಮೇಲೆಯೇ. ಮಾವ ತೊಟ್ಟಿಲು ಹೆಣೆಯುತ್ತಿದ್ದರು, ಗಂಡ ಬೆತ್ತ ಬಗ್ಗಿಸುತ್ತಿದ್ದ. ಅಪ್ಪ ಮಗ ಇಬ್ಬರೂ ಗಿರಾಕಿಯ ಮುಖ ನೋಡಿ ನಾಲ್ಕು ಮಾತು ಆಡಿದವರಲ್ಲ. ಅಳತೆ ಕೇಳುವುದು, ಬೆಲೆ ಹೇಳುವುದು, ಬೆತ್ತ ತರಿಸುವುದು, ಫೋಟೋ ತೆಗೆದು ಜನರಿಗೆ ಕಾಣುವ ಹಾಗೆ ಫೋನಿನಲ್ಲಿ ಹಾಕುವುದು, ಎಲ್ಲವೂ ಸೊಸೆಯ ಪಾಲಿಗೆ ಬಂದಿತ್ತು.

ಕಾರ್ಖಾನೆ ಅಂದರೆ ದೊಡ್ಡದೇನಲ್ಲ, ಮನೆಯ ಮುಂಭಾಗದ ಒಂದು ಉದ್ದನೆಯ ಕೋಣೆ. ಒಂದು ಮೂಲೆಯಲ್ಲಿ ಬೆತ್ತ ನೆನೆಹಾಕುವ ಸಿಮೆಂಟಿನ ತೊಟ್ಟಿ, ಇನ್ನೊಂದು ಮೂಲೆಯಲ್ಲಿ ಬೆತ್ತ ಕಾಯಿಸಿ ಬಗ್ಗಿಸುವ ಗ್ಯಾಸಿನ ಉರಿ, ನಡುವೆ ಮಾವನ ಮಣೆ. ಮೇಲಿನ ತೊಲೆಗೆ ಕೊಕ್ಕೆಗಳು. ಮುಗಿದ ತೊಟ್ಟಿಲುಗಳು ಅಲ್ಲಿ ತೂಗುತ್ತಿದ್ದವು. ತೂಗುಹಾಕುವ ಮುಂಚೆ ಮಾವ ಒಂದು ಹಿಡಿ ಹತ್ತಿ ತೆಗೆದುಕೊಂಡು ತೊಟ್ಟಿಲಿನ ಅಂಚಿನ ಸುತ್ತ ಎಳೆಯುತ್ತಿದ್ದರು. ಎಲ್ಲಾದರೂ ಒಂದು ಎಳೆ ಸಿಕ್ಕಿಕೊಂಡರೆ ಅಲ್ಲಿ ಸಿಬಿರು ಎದ್ದಿದೆ ಅಂತ ಅರ್ಥ. ಆಗ ಮತ್ತೆ ಉಜ್ಜಬೇಕು, ಮತ್ತೆ ಹತ್ತಿ ಎಳೆಯಬೇಕು.

ಮಾವನ ಅಪ್ಪನ ಕಾಲದಿಂದ ಆ ಮನೆಗೆ ಒಂದು ಕಟ್ಟಳೆಯಿತ್ತು. ಕುರ್ಚಿ ಕೇಳಿಕೊಂಡು ಬಂದವರಿಗೆ ನಾಳೆ ಬಾ ಅನ್ನಬಹುದು, ತೊಟ್ಟಿಲು ಕೇಳಿಕೊಂಡು ಬಂದವರಿಗೆ ಅನ್ನಬಾರದು. ಕೂರುವವರು ಕಾಯುತ್ತಾರೆ, ಹುಟ್ಟುವವರು ಕಾಯುವುದಿಲ್ಲ. ದುಡ್ಡಿದ್ದರೆ ಈಗ ಕೊಡಲಿ, ಇಲ್ಲದಿದ್ದರೆ ಆಮೇಲೆ ಕೊಡಲಿ, ಬಂದವರು ಮಾತ್ರ ಬರಿಗೈಯಲ್ಲಿ ಹೋಗಬಾರದು. ಇಂಥ ಕಟ್ಟಳೆ ಇಟ್ಟುಕೊಂಡು ಲೋಕದಲ್ಲಿ ಯಾರೂ ಸಾಹುಕಾರರಾದದ್ದಿಲ್ಲ, ಇವರೂ ಆಗಿರಲಿಲ್ಲ. ಆದರೆ ಬಾಗಿಲ ಮೇಲಿನ ಬೋರ್ಡಿನಲ್ಲಿದ್ದ ಆ ಅಜ್ಜನ, ಮಾವನ ಅಪ್ಪನ, ಹೆಸರಿಗೆ ಊರಿನಲ್ಲಿ ಒಂದು ತೂಕವಿತ್ತು. ಆ ಹೆಸರು ಕೇಳಿದರೆ ಜನ ಎರಡನೆಯ ಮಾತು ಆಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಗಣಿತದ ಟೀಚರ್ ಬಂದಳು. ತುಂಬಿದ ಬಸುರಿ. ಒಂದು ಕೈ ಸೊಂಟದ ಮೇಲೆ, ಇನ್ನೊಂದರಲ್ಲಿ ಫೋನು. ಒಳಗೆ ಬಂದವಳೇ ಕೊಕ್ಕೆಯ ತೊಟ್ಟಿಲನ್ನೂ ಗೋಡೆಯ ಬಣ್ಣವನ್ನೂ ಬಾಗಿಲ ಬೋರ್ಡನ್ನೂ ಫೋನಿನ ಚಿತ್ರದ ಜೊತೆ ತಾಳೆ ಹಾಕಿ ನೋಡಿದಳು. ಆಮೇಲೆ, ತನ್ನ ತೊಟ್ಟಿಲು ಇನ್ನೂ ಯಾಕೆ ಕಳಿಸಿಲ್ಲ ಎಂದು ಕೇಳಿದಳು. ಸೊಸೆಗೆ ತಲೆಬುಡ ತಿಳಿಯಲಿಲ್ಲ. ಆರ್ಡರ್ ಕೊಟ್ಟವರ ಮುಖವನ್ನು ಅವಳು ಮರೆತದ್ದೇ ಇಲ್ಲ.

ಫೋನು ಈಸಿಕೊಂಡು ನೋಡಿದರೆ, ಯಾರು ಬೇಕಾದರೂ ಅಂಗಡಿ ತೆರೆಯಬಹುದಾದ ಒಂದು ಮಾರಾಟದ ಆ್ಯಪಿನಲ್ಲಿ ತಮ್ಮದೇ ಹೆಸರಿನ ಅಂಗಡಿ. ಸೊಸೆಯೇ ತೆಗೆದ ಫೋಟೋಗಳು. ಕೊಕ್ಕೆಯ ತೊಟ್ಟಿಲು, ಹತ್ತಿ ಹಿಡಿದ ಮಾವನ ಕೈ, ಅಜ್ಜನ ಹೆಸರಿನ ಬೋರ್ಡು, ಕೆಳಗೆ ತಮ್ಮದೇ ಬೀದಿಯ ವಿಳಾಸ. ಫೋನ್ ನಂಬರು ಮಾತ್ರ ಯಾರದೋ. ಬೆಲೆ ಅರ್ಧಕ್ಕರ್ಧ. ಎರಡೇ ಉಳಿದಿವೆ, ಇವತ್ತೇ ಹೇಳಿ ಎಂದು ಅವಸರ ಬೇರೆ. ಆ್ಯಪಿನ ಮೂಲಕ ಕಟ್ಟಿದರೆ ಅವರಿಗೆ ಕಮಿಷನ್ ಹೋಗುತ್ತದೆ, ನೇರವಾಗಿ ಈ ಖಾತೆಗೆ ಹಾಕಿ, ಅದಕ್ಕೇ ಈ ಬೆಲೆ ಎಂದು ಆ ನಂಬರಿನವನು ಟೀಚರಿಗೆ ನಯವಾಗಿ ವಿವರಿಸಿದ್ದ. ಖಾತೆಯಲ್ಲಿದ್ದ ಹೆಸರು ಅಂಗಡಿಯ ಹೆಸರಲ್ಲ ಎಂಬುದು ಅವಳಿಗೆ ಕಂಡಿತ್ತು. ಅಕೌಂಟೆಂಟ್ ಇರಬೇಕು ಅಂದುಕೊಂಡಿದ್ದಳು. ಮೋಸ ಹೋಗುವವರ ತಲೆ ಮೋಸಗಾರನ ತಲೆಗಿಂತ ಚುರುಕು. ಅವನು ಬಿಟ್ಟ ತೂತುಗಳನ್ನೆಲ್ಲ ಇವರೇ ಮುಚ್ಚಿಕೊಡುತ್ತಾರೆ.

ನಾವಲ್ಲ ಅದು ಎಂದು ಸೊಸೆ ಬಿಡಿಸಿ ಹೇಳಿದಾಗ ಟೀಚರ್ ಬೆತ್ತದ ಕಟ್ಟಿನ ಮೇಲೇ ಕುಸಿದು ಕೂತಳು. ಮಕ್ಕಳಿಗೆ ಲೆಕ್ಕ ಹೇಳಿಕೊಡುವವಳು ತಾನು, ಅರ್ಧ ಬೆಲೆಗೆ ಇದು ಹೇಗೆ ಗಿಟ್ಟುತ್ತದೆ ಎಂಬ ಲೆಕ್ಕ ತನಗೇ ಹೊಳೆಯಲಿಲ್ಲವಲ್ಲ ಎಂದು ಅತ್ತಳು. ಸೊಸೆ ನೀರು ತರಲು ಒಳಗೆ ಓಡಿದಳು, ಲೋಟ ಮರೆತು ವಾಪಸು ಬಂದಳು, ಮತ್ತೆ ಓಡಿದಳು. ಅಷ್ಟರಲ್ಲಿ ಮಾವ ಎದ್ದು ಕೊಕ್ಕೆಯ ತೊಟ್ಟಿಲನ್ನು ಇಳಿಸಿದ್ದರು. ಅದು ಬೇರೆಯವರ ಆರ್ಡರು. ಗಂಡ ಉರಿಯ ಹತ್ತಿರದಿಂದಲೇ ಕತ್ತೆತ್ತಿ ನೋಡಿದ. ಇವರಿಗೆ ಮೊದಲು, ಅವರಿಗೆ ಇನ್ನೊಂದು ಹೆಣೆಯೋಣ, ಅಂದರು ಮಾವ. ದುಡ್ಡು ಮಗು ಹುಟ್ಟಿದ ಮೇಲೆ ನೋಡಿಕೊಳ್ಳೋಣ ಅಂತಲೂ ಅಂದರು. ಸೊಸೆಗೆ ಮನಸ್ಸು ಹಗುರಾಯಿತು. ತೊಟ್ಟಿಲಿಗೆ ಹಳೆಯ ಬೆಡ್‌ಶೀಟು ಸುತ್ತಿ, ಬಾಡಿಗೆ ಕಾರು ಕರೆಸಿ, ಟೀಚರನ್ನು ಕೈಹಿಡಿದು ಕೂರಿಸಿ ಬಂದವಳು ಅವಳೇ.

ಮುಂದಿನ ವಾರ ಬಸ್ ಡ್ರೈವರ್ ಬಂದ. ಬಂದ ಅನ್ನುವುದಕ್ಕಿಂತ ನುಗ್ಗಿದ ಅನ್ನಬೇಕು. ಮಗಳಿಗೆ ಚೊಚ್ಚಲ ಹೆರಿಗೆ, ಅಜ್ಜನಾಗುವ ಖುಷಿಯಲ್ಲಿ ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸಿದ ಮನುಷ್ಯ. ತೊಟ್ಟಿಲೊಂದು ಬಾರದೆ ಹೋಗಿತ್ತು. ಬೀದಿಯವರೆಲ್ಲ ತಮ್ಮ ತಮ್ಮ ಬಾಗಿಲಿಗೆ ಬಂದು ನೋಡುವ ಹಾಗೆ ಕೂಗಾಡಿದ. ನಮ್ಮ ಫೋಟೋ ಕದ್ದಿದ್ದಾರೆ ಎಂದು ಸೊಸೆ ಎಷ್ಟು ಹೇಳಿದರೂ ಅವನ ಕಿವಿಗೆ ಇಳಿಯಲಿಲ್ಲ.

"ಮಗೂನ ಚಿವುಟೋರೂ ನೀವೇ, ತೊಟ್ಟಿಲು ತೂಗೋರೂ ನೀವೇ," ಅಂದುಬಿಟ್ಟ.

ಗಾದೆಯೇನೋ ಹಳೆಯದು. ಆದರೆ ತೊಟ್ಟಿಲು ಹೆಣೆಯುವವರ ಮನೆಯೊಳಗೇ ನಿಂತು ಅದನ್ನು ಆಡುವ ಧೈರ್ಯ ಮಾಡಿದವನು ಅವನೊಬ್ಬನೇ. ಮಾವನ ಮುಖ ಕಪ್ಪಿಟ್ಟಿತು. ಅವರು ಅವನಿಗೂ ತೊಟ್ಟಿಲು ಇಳಿಸಿಕೊಟ್ಟರು. ಕೈಗೆ ತೊಟ್ಟಿಲು ಬಂದದ್ದೇ ಡ್ರೈವರನ ದನಿ ಬೆಣ್ಣೆಯಾಯಿತು. ಹೋಗುವಾಗ ಮಾವನ ಕಾಲಿಗೆ ಬೀಳಲು ಬಗ್ಗಿದ, ಮಾವ ಕಾಲು ಹಿಂದಕ್ಕೆ ಎಳೆದುಕೊಂಡರು.

ಆಮೇಲೆ ಒಬ್ಬರ ಹಿಂದೆ ಒಬ್ಬರು. ಕೆಲವರು ಅಳುತ್ತ ಬಂದರು, ಕೆಲವರು ಬೈಯುತ್ತ ಬಂದರು, ಒಬ್ಬಾಕೆ ತನ್ನ ಅತ್ತೆಯನ್ನು ಕರೆದುಕೊಂಡು ಬಂದು ಆಕೆಯಿಂದ ಬೈಯಿಸಿದಳು. ಬಂದವರಿಗೆಲ್ಲ ಮಾವ ಕೊಟ್ಟರು. ಹಗಲೆಲ್ಲ ಹೆಣೆದು ಅವರ ಬೆರಳ ತುದಿ ಬಿರಿಯಿತು. ಗಂಡ ಉರಿಯ ಮುಂದೆ ನಿಂತು ನಿಂತು ಕೆಂಪಾದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಎಂದು ಗೊಣಗಿದ. ಅಷ್ಟು ಬಿಟ್ಟರೆ ಅಪ್ಪನ ಮಾತಿಗೆ ಎದುರಾಡಲಿಲ್ಲ. ಅಸಲಿ ಗಿರಾಕಿಗಳು ಫೋನು ಮಾಡಿ ನಮ್ಮದು ಏನಾಯಿತು ಎಂದು ಕೇಳತೊಡಗಿದರು.

ಬಾಗಿಲಲ್ಲಿ ನೆರಳಾಡಿದರೆ ಸೊಸೆ ಧಡಕ್ಕನೆ ಎದ್ದು ನಿಲ್ಲುತ್ತಿದ್ದಳು. ಬಂದವರಿಗೆಲ್ಲ ಅವಳು ಒಂದೇ ಸಮನೆ ಬುದ್ಧಿ ಹೇಳುತ್ತಿದ್ದಳು. ಖಾತೆಯ ಹೆಸರು ನೋಡಿ, ಆ್ಯಪಿನ ಹೊರಗೆ ದುಡ್ಡು ಹಾಕಬೇಡಿ, ಅವಸರ ಮಾಡುವವನನ್ನು ನಂಬಬೇಡಿ, ಅಂಗಡಿಯ ಬೋರ್ಡಿನ ಮೇಲಿರುವ ನಂಬರಿಗೆ ಒಂದು ಸಲ ಫೋನು ಮಾಡಿ. ಅವರು ತಲೆಯಾಡಿಸುವರು. ಬಾಗಿಲಿಗೆ ಬಂದವರಿಗೆ ಹೇಳಿ ಏನು ಬಂತು? ಅವರು ಆಗಲೇ ಬಿದ್ದವರು. ಹೇಳಬೇಕಾದವರು ಇನ್ನೆಲ್ಲೋ ಕೂತು, ಇದೇ ಹೊತ್ತಿಗೆ, ಮಾವನ ಕೈಯ ಫೋಟೋ ನೋಡಿ ಎಷ್ಟು ಚೆನ್ನಾಗಿದೆ ಅನ್ನುತ್ತಿದ್ದರು. ಅದನ್ನು ನೆನೆದರೆ ಅವಳಿಗೆ ಕೈಯಲ್ಲಿ ಹಿಡಿದ ಕೆಲಸ ಹಿಡಿದ ಹಾಗೇ ಉಳಿಯುತ್ತಿತ್ತು.

ತಾನು ಫೋಟೋ ಹಾಕುವ ಪುಟದಲ್ಲಿ ಅವಳು ದೊಡ್ಡ ಅಕ್ಷರದಲ್ಲಿ ಎಚ್ಚರಿಕೆ ಹಾಕಿದಳು. ಅದನ್ನು ಓದಿದವರು ಹಳೆಯ ಗಿರಾಕಿಗಳು, ಅವರಿಗೆ ಎಚ್ಚರಿಕೆ ಬೇಕಿರಲಿಲ್ಲ. ಆ್ಯಪಿನವರಿಗೆ ದೂರು ಕೊಟ್ಟಳು. ನಿಮ್ಮ ದೂರು ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು. ಠಾಣೆಗೆ ಹೋದಳು. ಅಲ್ಲಿನ ಅಧಿಕಾರಿ ಒಳ್ಳೆಯ ಮನುಷ್ಯನೇ, ಕುರ್ಚಿ ಕೊಟ್ಟು ಕೇಳಿಸಿಕೊಂಡ. ದುಡ್ಡು ಹೋದದ್ದು ನಿಮ್ಮದಲ್ಲವಲ್ಲ, ಕಳಕೊಂಡವರು ಬಂದು ಹೇಳಲಿ, ಆಗ ಆ ಖಾತೆಗೆ ಕೈಹಾಕಬಹುದು ಅಂದ. ಸರಿ, ಕಳಕೊಂಡವರಿಗೆಲ್ಲ ಅವಳು ಫೋನು ಮಾಡಿದಳು. ಟೀಚರಿಗೆ ಹೆರಿಗೆಯಾಗಿತ್ತು, ಬಾಣಂತಿ ಹೇಗೆ ಬಂದಾಳು. ಡ್ರೈವರ್ ಫೋನಿನಲ್ಲಿ ಹೇಳಿದ್ದನ್ನೇ ಉಳಿದವರೆಲ್ಲ ಹೇಳಿದರು. ತೊಟ್ಟಿಲು ಸಿಕ್ಕಿತಲ್ಲಮ್ಮ, ಇನ್ನು ಠಾಣೆ ಗೀಣೆ ಯಾಕೆ.

ಆ್ಯಪಿನವರ ಉತ್ತರ ಬಂದಾಗ ಅವಳು ಬೆತ್ತ ಸೀಳುತ್ತಿದ್ದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಓದಿದಳು. ಮರ್ಯಾದೆಯ ಮಾತಿನಲ್ಲಿ ಬರೆದಿದ್ದರು. ಈ ಅಂಗಡಿಯಿಂದ ಕೊಂಡವರಿಗೆ ಸರಕು ತಲುಪಿರುವುದಾಗಿ ಗ್ರಾಹಕರೇ ತಿಳಿಸಿದ್ದಾರೆ, ಮೆಚ್ಚುಗೆಯನ್ನೂ ಸೂಚಿಸಿದ್ದಾರೆ, ಆದ್ದರಿಂದ ನಿಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ.

ಅವಳು ಆ ನಕಲಿ ಅಂಗಡಿಯನ್ನು ತೆರೆದು ನೋಡಿದಳು. ಎಲ್ಲಕ್ಕಿಂತ ಮೇಲೆ ಒಂದು ಫೋಟೋ. ಮಾವ ಹೆಣೆದ ತೊಟ್ಟಿಲಿನಲ್ಲಿ, ಮುಷ್ಟಿ ಬಿಗಿಹಿಡಿದು ಮಲಗಿದ ಎಳೆಯ ಮಗು. ಕೆಳಗೆ ಟೀಚರ್ ಬರೆದಿದ್ದಳು: "ಸ್ವಲ್ಪ ತಡವಾಯಿತು, ಆದರೆ ತೊಟ್ಟಿಲು ಬಂಗಾರ. ಇದನ್ನು ಹೆಣೆದ ಕೈಗೆ ಕೋಟಿ ನಮಸ್ಕಾರ. ಕಣ್ಣು ಮುಚ್ಚಿ ನಂಬಬಹುದು." ಪಾಪ, ಅವಳದು ತಪ್ಪೆಂದರೂ ತಪ್ಪಲ್ಲ. ಋಣ ತೀರಿಸಬೇಕೆಂದು ನಿದ್ದೆಗಣ್ಣಿನಲ್ಲಿ ಅಂಗಡಿಯ ಹೆಸರು ಹುಡುಕಿದ್ದಾಳೆ, ಅದೇ ಹೆಸರು, ಅದೇ ಬೋರ್ಡು, ಅದೇ ಕೈ ಕಂಡಿದೆ, ಹೊಗಳಿಕೆಯೆಲ್ಲ ಅಲ್ಲಿಗೆ ಹೋಗಿ ಬಿದ್ದಿದೆ. ಉಳಿದವರು ಅಷ್ಟೂ ಬರೆದಿರಲಿಲ್ಲ. ಅಲ್ಲಿ ಅಂಗಡಿಯವನ ಜೊತೆ ಮಾತಾಡಿದವರನ್ನೆಲ್ಲ ಸರಕು ತಲುಪಿತೇ ಎಂದು ಆ್ಯಪ್ ತಾನಾಗಿ ಕೇಳಿದಾಗ ತಲುಪಿತು ಎಂದು ಒತ್ತಿದ್ದರು. ಸುಳ್ಳೇನಲ್ಲವಲ್ಲ, ತಲುಪಿತ್ತು.

ಸೊಸೆ ಒಂದು ಸಲ ಬಾಗಿಲ ತನಕ ಹೋದಳು, ಹಿತ್ತಲ ತನಕ ಹೋದಳು, ನೆನೆಯುತ್ತಿದ್ದ ಬೆತ್ತದ ತೊಟ್ಟಿಯಲ್ಲಿ ಸುಮ್ಮನೆ ಕೈಯಾಡಿಸಿದಳು. ಆಮೇಲೆ ಮಾವನ ಮಣೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಎಲ್ಲವನ್ನೂ ಓದಿ ಹೇಳಿದಳು. ಮಾವ ಇನ್ನೊಮ್ಮೆ ಓದು ಅಂದರು. ಓದಿದಳು. ಕೈಯಲ್ಲಿದ್ದ ಬೆತ್ತದ ಎಳೆಯನ್ನು ಅವರು ಅರ್ಧ ಸುತ್ತಿನಲ್ಲೇ ಬಿಟ್ಟರು.

"ಹಾಗಾದ್ರೆ ನಾನು ಇಷ್ಟು ದಿನ ಹೆಣೆದಿದ್ದೆಲ್ಲ ಅವನ ಅಂಗಡಿಗೆ ಹೆಣೆದ ಹಾಗಾಯ್ತಾ?"

"ಹೌದು ಮಾವ. ಅವನು ಚಿವುಟ್ತಾನೆ, ನಾವು ತೂಗ್ತಿದೀವಿ. ನಾವು ತೂಗ್ತೀವಿ ಅಂತಾನೇ ಅವನಿಗೆ ಚಿವುಟೋಕೆ ಇನ್ನೊಂದು ಮಗು ಸಿಗ್ತಿದೆ."

ಇನ್ನು ಕೊಡುವುದು ನಿಲ್ಲಿಸಬೇಕು ಎಂದು ಅವಳು ಹೇಳಿದಾಗ ಮಾವ ಸಿಟ್ಟಾದರು. ಅವರ ಸಿಟ್ಟೆಂದರೆ ಕೂಗಾಟವಲ್ಲ, ದನಿ ಇನ್ನೂ ತಗ್ಗುವುದು. ನಾಳೆ ಬಾಗಿಲಲ್ಲಿ ಬಸುರಿ ಬಂದು ನಿಂತಿರುತ್ತಾಳೆ, ನೀನು ಅವಳ ಮುಖ ನೋಡಿ ಇಲ್ಲ ಅನ್ನುತ್ತೀಯಾ, ಅನ್ನು ನೋಡೋಣ ಅಂದರು. ಅನ್ನಲಾರಳು ಎಂದು ಅವಳಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಸೊಸೆ ಫೋನು ಮಾಡಿ ಹೇಳಿದಾಗ ಟೀಚರ್ ಹೌಹಾರಿದಳು. ಆ ಕ್ಷಣವೇ ಬರೆದದ್ದನ್ನು ಅಳಿಸಿ ಬೇರೆ ಬರೆದಳು. ಈ ಅಂಗಡಿಯವರು ದುಡ್ಡು ತಿಂದವರು, ತೊಟ್ಟಿಲು ಕೊಟ್ಟವರು ಅಸಲಿ ಕೆಲಸಗಾರರು, ಒಂದು ಪೈಸೆ ಕೇಳದೆ ಕೊಟ್ಟರು, ದೇವರಂಥ ಜನ ಎಂದು. ಅಕ್ಷರಕ್ಷರವೂ ನಿಜ. ಓದಿ ಸೊಸೆಯ ಕಣ್ಣು ತುಂಬಿತು. ಇನ್ನಾದರೂ ಜನ ಎಚ್ಚೆತ್ತಾರು ಅಂದುಕೊಂಡಳು.

ಎಚ್ಚೆತ್ತವನು ಒಬ್ಬ ಬಂದ. ಕಪ್ಪು ಕನ್ನಡಕ ಹಾಕಿಕೊಂಡು, ಕಾರನ್ನು ಬಾಗಿಲಿಗೇ ಒತ್ತಿ ನಿಲ್ಲಿಸಿ ಬಂದವನು. ಅಳಲಿಲ್ಲ, ಬೈಯಲಿಲ್ಲ. ಅಲ್ಲಿ ಅರ್ಧ ಬೆಲೆ ಕಟ್ಟಿದ್ದೇನೆ, ಅದು ಕಳ್ಳರ ಅಂಗಡಿ ಅಂತ ಓದಿಯೇ ಕಟ್ಟಿದೆ, ಅಲ್ಲಿ ಕಟ್ಟಿದವರಿಗೆ ಇಲ್ಲಿ ಕೊಡುತ್ತೀರಂತಲ್ಲ ಎಂದು ನಗುತ್ತ ಹೇಳಿದ. ಟೀಚರ್ ಬರೆದದ್ದನ್ನು ಸಾಕ್ಷಿಗೆ ತೋರಿಸಿದ. ಜಾಣ. ಇಂಥ ಜಾಣರಿಗೆ ಮೋಸದ ಅಂಗಡಿಯೂ ರಿಯಾಯಿತಿಯ ಅಂಗಡಿಯೇ. ಸೊಸೆಗೆ ಬೆತ್ತ ತೆಗೆದು ಅವನ ಬೆನ್ನಿಗೆ ನಾಲ್ಕು ಬಿಗಿಯಬೇಕೆನಿಸಿತು. ಆದರೆ ಅವನ ಹೆಂಡತಿಗೂ ದಿನ ತುಂಬಿತ್ತು, ಕಾರಿನ ಕಿಟಕಿಯಿಂದ ಆಕೆ ಇಣುಕುತ್ತಿದ್ದಳು. ಮಾವ ಕೊಟ್ಟರು. ಕೊಡುವಾಗ ಅವನ ಮುಖ ನೋಡಲಿಲ್ಲ, ತೊಟ್ಟಿಲನ್ನು ಕಾರಿನವರೆಗೆ ತಾವೇ ಹೊತ್ತು ಆಕೆಯ ಕೈಗೆ ಕೊಟ್ಟು ಬಂದರು.

ಆ ದಿನ ಊಟಕ್ಕೆ ಕೂತವರು ತಟ್ಟೆಯಲ್ಲಿ ಬೆರಳಾಡಿಸಿ ಎದ್ದರು. ಬೆತ್ತದ ದಾಸ್ತಾನು ಮುಗಿಯುತ್ತ ಬಂದಿತ್ತು. ಗಂಡ ತನಗೆ ತಿಳಿದ ಉಪಾಯ ಹೇಳಿದ. ಬಂದವರು ಮೊದಲು ದೂರು ಕೊಡಲಿ, ಸರಕು ಬಂದಿಲ್ಲ ಅಂತ ಬರೆಯಲಿ, ಆಮೇಲೆ ಯಾರಿಗೂ ಕಾಣದ ಹಾಗೆ ಹಿತ್ತಲ ಬಾಗಿಲಿಂದ ತೊಟ್ಟಿಲು ಕೊಟ್ಟು ಕಳಿಸೋಣ. ಸೊಸೆಗೂ ಒಂದು ಗಳಿಗೆ ಅದು ಸರಿಯೆನಿಸಿತು. ಆಮೇಲೆ ಕಾರಿನವನ ನಗು ನೆನಪಾಯಿತು. ಹಿತ್ತಲಲ್ಲಿ ಸಿಗುತ್ತದಂತೆ ಎಂಬ ಮಾತಿಗೆ ಎಷ್ಟು ದಿನ ಬೀಗ ಹಾಕಬಹುದು?

ಮಾವ ಕೈ ತೊಳೆಯುತ್ತ ನಿಂತಿದ್ದರು. "ಕದ್ದು ಕೊಡೋಕೆ ಅದೇನು ಕಳ್ಳಮಾಲಾ? ಕೊಟ್ರೆ ಮುಂಬಾಗಿಲಲ್ಲಿ ಕೊಡ್ತೀನಿ. ಇಲ್ಲಾಂದ್ರೆ ಇಲ್ಲ," ಅಂದರು.

ತೊಟ್ಟಿಲಿನ ವಿಷಯದಲ್ಲಿ ಇಲ್ಲ ಎಂಬ ಮಾತನ್ನು ಅವರ ಬಾಯಲ್ಲಿ ಸೊಸೆ ಕೇಳಿದ್ದು ಅದೇ ಮೊದಲು. ಅವರೂ ಅದನ್ನು ಕೇಳಿಸಿಕೊಂಡವರ ಹಾಗೆ ಸ್ವಲ್ಪ ಹೊತ್ತು ನಲ್ಲಿ ನಿಲ್ಲಿಸದೆ ನಿಂತರು.

ಆ ಮೇಲಿನ ದಿನಗಳಲ್ಲಿ ಸ್ವಲ್ಪ ಕಾಲ ಯಾರೂ ಬರಲಿಲ್ಲ, ಅದು ಬಂದದ್ದಕ್ಕಿಂತ ಹಿಂಸೆಯಾಯಿತು. ಬೀದಿಯಲ್ಲಿ ಹೆಜ್ಜೆ ಸದ್ದಾದರೆ ಮೂವರೂ ಕತ್ತೆತ್ತುವರು. ಪಕ್ಕದ ಮನೆಯ ಹಾಲಿನವನು, ಕರೆಂಟಿನ ಬಿಲ್ಲಿನವನು, ದಾರಿ ಕೇಳುವವರು. ಸೊಸೆ ಇಲ್ಲ ಎಂದು ಹೇಳುವ ಮಾತನ್ನು ಮನಸ್ಸಿನಲ್ಲೇ ಹತ್ತಾರು ಬಗೆಯಲ್ಲಿ ಕಟ್ಟಿ ಬಿಚ್ಚುತ್ತಿದ್ದಳು. ನಯವಾಗಿ ಹೇಳಿದರೆ ಕೊಡಬಹುದೇನೋ ಎಂಬ ಆಸೆ ಹುಟ್ಟಿಸಿದ ಹಾಗೆ, ಒರಟಾಗಿ ಹೇಳಿದರೆ ಬಿದ್ದವರಿಗೆ ಒದ್ದ ಹಾಗೆ. ಕೈಯಲ್ಲಿ ಸೀಳುತ್ತಿದ್ದ ಬೆತ್ತ ಎಲ್ಲೆಂದರಲ್ಲಿ ಸೀಳಿಹೋಗುತ್ತಿತ್ತು.

ಕೊನೆಗೆ ಒಂದು ಬೆಳಗ್ಗೆ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸು ಬಂದಳು. ಜೊತೆಗೆ ಯಾರೂ ಇಲ್ಲ. ಏಳೋ ಎಂಟೋ ತಿಂಗಳಿರಬೇಕು. ನಡೆದೇ ಬಂದಿದ್ದಳು, ಚಪ್ಪಲಿ ಕಳಚಿ ಹೊರಗೆ ಬಿಟ್ಟು ಒಳಗೆ ಬಂದಳು. ಮುಂಗೈ ಮೇಲೆ ಇಸ್ತ್ರಿಪೆಟ್ಟಿಗೆ ತಾಗಿದ ಹಳೆಯ ಕಲೆಗಳಿದ್ದವು. ನಿನ್ನೆ ಸಂಜೆ ದುಡ್ಡು ಹಾಕಿದ್ದಾಗಿಯೂ, ಇವತ್ತು ಆ ನಂಬರಿನವನು ಫೋನು ಎತ್ತುತ್ತಿಲ್ಲವೆಂದೂ, ಕೆಲಸಕ್ಕೆ ಹೋಗುವ ಮುಂಚೆ ಒಂದು ಮಾತು ಕೇಳಿಕೊಂಡು ಹೋಗೋಣವೆಂದು ಬಂದದ್ದಾಗಿಯೂ ಮೆಲ್ಲಗೆ ಹೇಳಿದಳು. ಫೋನು ತೋರಿಸಿದಳು. ಟೀಚರ್ ಅಳಿಸಿದ್ದನ್ನು ಕಳ್ಳ ಮೊದಲೇ ಚಿತ್ರ ತೆಗೆದು ತನ್ನ ಅಂಗಡಿಯ ಹಣೆಗೆ ಅಂಟಿಸಿಕೊಂಡಿದ್ದ, ಅವಳು ಆಮೇಲೆ ಬರೆದದ್ದು ಎಲ್ಲೋ ಕೆಳಗೆ ಹೂತುಹೋಗಿತ್ತು. ಅದೇ ಮುಷ್ಟಿ ಹಿಡಿದ ಮಗು, ಅದೇ ಕಣ್ಣು ಮುಚ್ಚಿ ನಂಬಬಹುದು.

"ಈ ಮಗು ನೋಡಿ ನಂಬಿದೆ," ಅಂದಳು.

ಹಾಗಂದವಳ ಕಣ್ಣು ಮೇಲಕ್ಕೆ ಹೋಯಿತು. ಕೊಕ್ಕೆಯಲ್ಲಿ ಒಂದು ತೊಟ್ಟಿಲು ಇತ್ತು, ಹಿಂದಿನ ದಿನವಷ್ಟೇ ಹತ್ತಿ ಎಳೆದು ತೂಗುಹಾಕಿದ್ದು. ಸೊಸೆ ಬಾಯಿ ತೆರೆದಳು. ಕಟ್ಟಿಟ್ಟ ಮಾತುಗಳಲ್ಲಿ ಒಂದೂ ಬರಲಿಲ್ಲ. ಕೂತ್ಕೊಳ್ಳಿ ಅಂದಳು, ಚಹಾ ತರುತ್ತೇನೆ ಅಂದಳು, ತರಲು ಹೋಗಲೂ ಇಲ್ಲ, ಮಾವನ ಕಡೆ ನೋಡಿದಳು. ಗಂಡ ಉರಿ ಆರಿಸಿದ.

ಮಾವ ಮಣೆ ಬಿಟ್ಟು ಎದ್ದರು. ತೊಟ್ಟಿಲು ಇಳಿಸಲು ಎದ್ದರು ಎಂದೇ ಸೊಸೆ ಅಂದುಕೊಂಡಳು, ಆ ಹೆಂಗಸೂ ಅಂದುಕೊಂಡಿರಬೇಕು, ಒಂದು ಹೆಜ್ಜೆ ಮುಂದೆ ಬಂದಳು. ಮಾವ ಅವಳ ಎದುರು ನಿಂತರು. ಮೊಣಕಾಲು ಹಿಡಿದುಕೊಂಡಿದ್ದರಿಂದ ನೆಟ್ಟಗಾಗಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಇಲ್ಲ ತಾಯಿ. ಕೊಡಕ್ಕಾಗಲ್ಲ."

ಆಮೇಲಿನದನ್ನು ಸೊಸೆ ಗಡಬಡಿಸಿ ಹೇಳಿದಳು. ಕದ್ದ ಫೋಟೋ, ಟೀಚರಿಗೂ ಉಳಿದವರಿಗೂ ಕೊಟ್ಟ ತೊಟ್ಟಿಲುಗಳು, ಕೊಟ್ಟಿದ್ದರಿಂದಲೇ ಮುಚ್ಚಿಹೋದ ದೂರು. ಹೇಳುತ್ತ ಹೇಳುತ್ತ ಅವಳಿಗೇ ಅದೆಲ್ಲ ನೆಪದ ಹಾಗೆ ಕೇಳಿಸಿತು. ಆ ಹೆಂಗಸು ಕೊನೆಯ ತನಕ ಕೇಳಿದಳು. ಅಳಲಿಲ್ಲ.

"ಟೀಚರಿಗೆ ಕೊಟ್ರಿ. ನಾನು ಇಸ್ತ್ರಿ ಮಾಡೋಳು ಅಂತಾನಾ?"

ಡ್ರೈವರ್ ಬೀದಿಗೆಲ್ಲ ಕೇಳುವಂತೆ ಬೈದದ್ದು ಇದರ ಮುಂದೆ ಏನೂ ಅಲ್ಲ. ಗಂಡ ಗೋಡೆಯ ಕಡೆ ತಿರುಗಿ ನಿಂತ. ಮಾವ ತಲೆ ತಗ್ಗಿಸಿದರು, ಅಲ್ಲಿಂದ ಕದಲಲಿಲ್ಲ.

ಸೊಸೆ ಅವಳ ಪಕ್ಕ ಕೂತಳು. ನಿನ್ನೆ ಸಂಜೆ ಹಾಕಿದ ದುಡ್ಡು ಅಂದರೆ ಇನ್ನೂ ಆ ಖಾತೆ ದಾಟಿರದೆ ಇರಬಹುದು, ಹೊತ್ತು ಕಳೆಯುವುದು ಬೇಡ ಅಂದಳು. ಬ್ಯಾಂಕಿಗೆ ಫೋನು ಹಚ್ಚಿಸಿದಳು, ಅಲ್ಲಿ ಇಲ್ಲಿ ಹುಡುಕಿ ಸಿಕ್ಕ ನಂಬರಿಗಲ್ಲ, ಅವಳ ಕಾರ್ಡಿನ ಹಿಂದೆ ಅಚ್ಚಾಗಿದ್ದ ನಂಬರಿಗೆ. ಸಹಾಯ ಮಾಡುತ್ತೇವೆ ಎಂದು ಫೋನೆತ್ತುವವರಲ್ಲೂ ಕಳ್ಳರಿರುತ್ತಾರೆ ಎಂಬುದನ್ನು ಅವಳು ಇಷ್ಟರಲ್ಲಿ ಕಲಿತಿದ್ದಳು. ಬ್ಯಾಂಕಿನವರು ಬರೆದುಕೊಂಡರು, ತಡೆಯಲು ನೋಡುತ್ತೇವೆ ಅಂದರು, ಭರವಸೆ ಕೊಡಲಿಲ್ಲ. ಠಾಣೆಯ ಆ ಅಧಿಕಾರಿಗೂ ಫೋನು ಹೋಯಿತು. ಕಳಕೊಂಡವರೇ ಮಾತಾಡುತ್ತಿದ್ದಾರೆ ಎಂದು ತಿಳಿದದ್ದೇ ಅವನು ನೆಟ್ಟಗೆ ಕೂತದ್ದು ದನಿಯಲ್ಲೇ ಗೊತ್ತಾಯಿತು. ಹಿಂದೆ ಬಂದವರೂ ಇದನ್ನೇ ಮಾಡಬಹುದಿತ್ತು. ತೊಟ್ಟಿಲು ಕೈಗೆ ಕೊಟ್ಟು ಅವರ ಕೈ ಕಟ್ಟಿದವರು ತಾವೇ ಎಂದು ಸೊಸೆಗೆ ಆಗ ಚುಚ್ಚಿತು.

ಇನ್ನು ಉಳಿದದ್ದು ಆ್ಯಪಿನ ದೂರು. ಸರಕು ತಲುಪಿತೇ ಎಂದು ಅದು ಕೇಳಿತು. ಆ ಹೆಂಗಸು ಇಲ್ಲ ಎಂದು ಒತ್ತಿದಳು. ಇಷ್ಟು ದಿನ ಯಾರೂ ಒತ್ತಿರದ ‘ಇಲ್ಲ’ ಅದು. ಒತ್ತಿದ್ದೇ ಮುಂದಿನ ಪುಟ ತೆರೆಯಿತು. ಯಾರ ಮೇಲೆ ದೂರು, ಏನಾಯಿತು, ನಿಮ್ಮ ಮಾತಿನಲ್ಲಿ ಬರೆಯಿರಿ.

ಯಾರ ಮೇಲೆ ಅಂದರೆ ಬೋರ್ಡಿನ ಮೇಲಿದ್ದ ಹೆಸರಿನ ಮೇಲೆಯೇ. ಆ್ಯಪಿನಲ್ಲಿ ಕಳ್ಳನ ಅಂಗಡಿಗೆ ಬೇರೆ ಹೆಸರು ಇರಲಿಲ್ಲ. ಆ ಹೆಂಗಸಿನ ಹೆಬ್ಬೆರಳು ಫೋನಿನ ಮೇಲೆ ನಿಂತಿತು. ತೆರೆದ ಬಾಗಿಲಿನಿಂದ ಬೋರ್ಡಿನ ಅಂಚು ಕಾಣುತ್ತಿತ್ತು. ಅವಳು ಅದನ್ನು ನೋಡಿದಳು, ಮುದುಕರ ಬಿರಿದ ಬೆರಳುಗಳನ್ನು ನೋಡಿದಳು. ಇಷ್ಟು ಹೊತ್ತು ಮುಖದಲ್ಲಿದ್ದ ಬಿಗಿ ಸಡಿಲವಾಗಿ, ಏನನ್ನೋ ಚುಟುಕಾಗಿ ಬರೆದಳು.

ಏನು ಬರೆದರು, ಓದು ಅಂದರು ಮಾವ.

ಸೊಸೆ ಓದಿದಳು. "ತೊಟ್ಟಿಲು ಬಂದಿಲ್ಲ. ಬೇಜಾರಾಯಿತು."

"ಬೇಜಾರು ಅಂತ ಬರೆದ್ರೆ ಯಾರು ನಿಲ್ತಾರೆ? ನಾಳೆ ಇನ್ನೊಬ್ಬಳು ಓದಿ ಹಾಕೇ ಹಾಕ್ತಾಳೆ. ಮೋಸ ಅಂತ ಬರಿ ತಾಯಿ. ನಮ್ಮಪ್ಪನ ಹೆಸರು ಪೂರ್ತಿ ಹಾಕಿ, ಈ ಹೆಸರು ಕಂಡ್ರೆ ಒಂದು ಪೈಸೆ ಕೊಡಬೇಡಿ ಅಂತ ಬರಿ. ಖಾರವಾಗಿ ಬರಿ. ನಿಂಗೆ ಈಗ ನನ್ನ ಮೇಲೆ ಎಷ್ಟು ಸಿಟ್ಟಿದೆಯೋ ಅಷ್ಟೂ ಬರಿ."

ಅವಳು ಬರೆದಳು. ಈ ಸಲ ಹೆಚ್ಚು ಹೊತ್ತು ಹಿಡಿಯಿತು. ಮಾವ ಒಂದೊಂದು ಅಕ್ಷರಕ್ಕೂ ಕಾದವರ ಹಾಗೆ ನಿಂತೇ ಇದ್ದರು. ಮತ್ತೆ ಓದಿಸಿದರು. ಓದುವಾಗ ಅಜ್ಜನ ಹೆಸರು ಬಂದದ್ದೇ ಸೊಸೆ ಫೋನಿನಿಂದ ಕಣ್ಣೆತ್ತಿ ಮಾವನನ್ನು ನೋಡಿದಳು. ನಿಲ್ಲಿಸಬೇಡ ಎಂದು ಮಾವ ಕೈ ಮಾಡಿದರು. ಪೂರ್ತಿ ಕೇಳಿ, ಸರಿಯಾಗಿದೆ, ಕಳಿಸಿ ಅಂದರು.

ಹೆಂಗಸು ಫೋನನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ಕೆಲಸಕ್ಕೆ ತಡವಾಯಿತು ಅಂದಳು. ಚಹಾ ಬೇಡ ಅಂದಳು. ಹೊರಗೆ ಹೋಗಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಕಷ್ಟಪಟ್ಟು ಚಪ್ಪಲಿ ಮೆಟ್ಟಿದಳು, ಹಿಂದಿರುಗಿ ನೋಡದೆ ಬೀದಿಗಿಳಿದಳು. ಸೊಸೆ ಬಾಗಿಲಿಗೆ ಓಡಿದಳು, ಹೊಸ್ತಿಲಲ್ಲೇ ನಿಂತಳು. ಮಾವ ಹಿಂದೆ ಬಂದು ಅವಳ ಪಕ್ಕ ನಿಂತರು. ಬೀದಿಯ ತಿರುವಿನಲ್ಲಿ ಅವಳು ಮರೆಯಾಗುವ ತನಕ ಇಬ್ಬರೂ ನೋಡಿದರು.

"ಇನ್ನೂ ಬರ್ತಾರೆ," ಅಂದರು ಮಾವ. "ಬಂದೋರಿಗೆಲ್ಲ ನಾನೇ ಹೇಳ್ತೀನಿ, ನೀನು ಹೇಳ್ಬೇಡ. ನೀನಿನ್ನೂ ಬಹಳ ವರ್ಷ ಈ ಬಾಗಿಲಲ್ಲಿ ನಿಲ್ಲಬೇಕಾದೋಳು. ಇಲ್ಲ ಅನ್ನೋದು ನಿನ್ನ ನಾಲಗೆಗೆ ರೂಢಿ ಆಗೋದು ಬೇಡ."